ಖಾಸಗಿ ಓಣಿಯೊಳಗೆ ಮುಹೂರ್ತಕ್ಕೆ ಸಿಕ್ಕಿಬಿದ್ದ ಲಾರಿಯವರಿಗೆ

ಜೇವರ್ಗಿ ಕಾಲೋನಿ, ಕಲಬುರಗಿ
ಶ್ರಾವಣ ಮಾಸ, ೧೯೯೭

ಮಾನ್ಯ ಲಾರಿಯವರೇ,

ಆರು ಗಾಲಿ, ಒಂದು ಹಾರ್ನು ಹಾಗೂ ಅಪಾರ ತಾಳ್ಮೆಯಿಂದ ಶೋಭಿಸುತ್ತಿರುವ ತಮಗೆ ನಮ್ಮ ಓಣಿಯ ಎಂಟೂ ಮನೆಗಳ ಪರವಾಗಿ ಅನಂತ ವಂದನೆಗಳು. ತಮ್ಮ ರೇಡಿಯೇಟರಿನಲ್ಲಿ ನೀರು, ಟಾಯರುಗಳಲ್ಲಿ ಗಾಳಿ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಈ ದೂರನ್ನು ತಮ್ಮ ಮಾಲೀಕರಿಗೋ ಯಾವುದಾದರೊಂದು ಕಚೇರಿಗೋ ಬರೆಯಬಹುದಿತ್ತು. ಆದರೆ ಮೂವತ್ತೊಂಬತ್ತು ದಿನಗಳ ಅನುಭವದಿಂದ ನಾನು ಕಂಡುಕೊಂಡದ್ದೇನೆಂದರೆ, ನಾನು ಹೇಳಿದ್ದನ್ನು ನಡುವೆ ಎದ್ದುಹೋಗದೆ, ನಾಳೆ ಬನ್ನಿ ಎನ್ನದೆ, ಪೂರ್ತಿ ಕೇಳಿಸಿಕೊಂಡವರು ತಾವೊಬ್ಬರೇ.

ತಾವು ನಮ್ಮಲ್ಲಿಗೆ ಬಂದದ್ದು ಹೇಗೆಂಬುದನ್ನು ಮೊದಲು ದಾಖಲಿಸುತ್ತೇನೆ. ನಮ್ಮ ಓಣಿ ಹತ್ತಡಿ ಅಗಲದ್ದು. ಒಂದು ತುದಿಗೆ ದೊಡ್ಡ ರಸ್ತೆ, ಇನ್ನೊಂದು ತುದಿಗೆ ಬರೀ ಗೋಡೆ. ಪಕ್ಕದ ಮಂಗಲ ಕಾರ್ಯಾಲಯದ ಮದುವೆಗಳಿಗೆ ಬಂದವರು ತಮ್ಮ ಜೀಪು ಮೆಟಡೋರುಗಳನ್ನೆಲ್ಲ ನಮ್ಮ ಬಾಗಿಲ ಮುಂದೆ ನಿಲ್ಲಿಸಿ ಊಟಕ್ಕೆ ಹೋಗುತ್ತಿದ್ದರು. ಓಣಿಯ ಸಂಘದ ಕಾರ್ಯದರ್ಶಿಗಳೂ ನಿವೃತ್ತ ಗಣಿತ ಮಾಸ್ತರರೂ ಪಂಚಾಂಗ ಬಲ್ಲವರೂ ಆದ ಜಯತೀರ್ಥರಾಯರು ಆರು ವರ್ಷ ಕಚೇರಿಗಳಿಗೆ ಅಲೆದು, ಈ ಓಣಿ ಸರಕಾರದ್ದಲ್ಲ, ಎಂಟು ಮನೆಯವರ ಖಾಸಗಿ ರಸ್ತೆ ಎಂಬ ಮೊಹರು ಹಾಕಿದ ಕಾಗದವನ್ನು ತಂದೇ ತಂದರು. ಓಣಿಯಲ್ಲಿ ಪೇಢೆ ಹಂಚಲಾಯಿತು. ಓಣಿಯ ಬಾಯಿಗೆ ಎರಡು ಕಲ್ಲುಕಂಬ ನೆಟ್ಟು, ಅವುಗಳ ಮೇಲೆ ‘ಖಾಸಗಿ ರಸ್ತೆ. ವಾಹನ ನಿಲ್ಲಿಸಬಾರದು’ ಎಂದು ಕೆತ್ತಿಸಬೇಕೆಂದು ಠರಾವಾಯಿತು. ಆ ಕಂಬಗಳನ್ನು ಶಹಾಬಾದಿನ ಕಡೆಯಿಂದ ಹೊತ್ತು ತಂದವರೇ ತಾವು. ಜೊತೆಗೆ ಶರಣಸಿರಸಗಿಯ ಹೊಸ ಬಡಾವಣೆಯ ಯಾರದೋ ಮನೆಗೆ ಹೋಗಬೇಕಾಗಿದ್ದ ನೆಲಕ್ಕೆ ಹಾಸುವ ಒಂದು ಲೋಡು ಫರಸಿಕಲ್ಲೂ ತಮ್ಮ ಬೆನ್ನ ಮೇಲಿತ್ತು.

ಅದು ಜ್ಯೇಷ್ಠ ಬಹುಳ ದಶಮಿ. ಕಂಬ ನೆಡಲು ಬೆಳಿಗ್ಗೆ ಒಂಬತ್ತು ನಲವತ್ತೆರಡರ ಮುಹೂರ್ತ. ಅದು ತಪ್ಪಿದರೆ ಮುಂದೆ ಆಷಾಢ ಹಿಡಿಯುತ್ತದೆ, ಇಡೀ ತಿಂಗಳು ಶುಭಕಾರ್ಯವಿಲ್ಲ. ತಾವು ಮೂತಿ ಮುಂದಾಗಿ ಓಣಿಯ ಒಳಗೆ ಬಂದು ಕಂಬಗಳನ್ನು ಇಳಿಸಿದಿರಿ. ತಮ್ಮ ಚಾಲಕ ಹುಸೇನ ಚಹಾ ಕುಡಿಯಲು ಹೋದ. ಒಂಬತ್ತು ನಲವತ್ತಕ್ಕೆ ಜಯತೀರ್ಥರಾಯರು ಗಡಿಯಾರ ನೋಡಿ, “ಹೂಂ, ಕಂಬಾ ಎತ್ರಿ, ಎರಡೇ ಮಿನಿಟು ಉಳದಾವ!” ಎಂದು ಕೂಗಿದರು. ಅರಿಸಿನ, ಕುಂಕುಮ, ಕುಣಿಯಲ್ಲಿ ಪಂಚಲೋಹದ ಚೂರು, ಮಂತ್ರ, ಮಂಗಳಾರತಿ. ಕಂಬಗಳು ಆರಡಿ ಅಂತರದಲ್ಲಿ ಕರಾರುವಾಕ್ಕಾಗಿ ನಿಂತವು. ನಾವೆಲ್ಲ ಚಪ್ಪಾಳೆ ತಟ್ಟಿ ತಿರುಗಿ ನೋಡಿದರೆ, ಏಳೂವರೆ ಅಡಿ ಅಗಲದ ತಾವು ಒಳಗೇ ಇದ್ದಿರಿ.

ಮಾನ್ಯರೇ, ಆ ಕ್ಷಣದಲ್ಲಿ ತಾವು ತೋರಿದ ಸಂಯಮವನ್ನು ನಾನು ಎಂದಿಗೂ ಮರೆಯಲಾರೆ. ಹುಸೇನ ಚಹಾದಿಂದ ಮರಳಿ ಬಂದು ಕಂಬವನ್ನೊಮ್ಮೆ ತಮ್ಮನ್ನೊಮ್ಮೆ ನೋಡಿ, “ಯಾ ಅಲ್ಲಾ! ಇದೇನ್ರಿ ಮಾಸ್ತರ, ಬಾಟ್ಲಿಯೊಳಗ ಬದ್ನಿಕಾಯಿ ಬೆಳಸೀರಲ್ಲ!” ಎಂದ. ಜಯತೀರ್ಥರಾಯರು ಗಂಭೀರವಾಗಿ, “ಒಂದ್ ತಿಂಗಳ ಮಾತು ತಮ್ಮಾ. ನೆಟ್ಟ ಕಂಬಾ ಕೀಳಲಿಕ್ಕೂ ಮುಹೂರ್ತ ಬೇಕು. ಆಷಾಢ ಮುಗೀಲಿ” ಎಂದರು. ಒಂದು ಗೀರೂ ಆಗದ ಕಲ್ಲಿನ ಮೇಲೆ ‘ವಾಹನ ನಿಲ್ಲಿಸಬಾರದು’ ಎಂಬ ಅಕ್ಷರಗಳು ಹೊಳೆಯುತ್ತಿದ್ದವು. ತಮ್ಮ ಬೆನ್ನ ಹಲಗೆಯ ಮೇಲೆ ‘ನೋಡಿ ನಗಬೇಡ ಗೆಳೆಯಾ, ನಾಳೆ ನಿನ್ನ ದಾರಿಗೂ ಬರುವೆ’ ಎಂದಿತ್ತು. ಎರಡನೆಯ ಪಾದದಲ್ಲಿ ಛಂದಸ್ಸು ಕುಂಟುತ್ತದೆ, ಆದರೆ ನುಡಿದಂತೆ ನಡೆದ ಕವಿಗಳು ತೀರ ಕಡಿಮೆ ಎಂಬ ಕಾರಣಕ್ಕೆ ತಮ್ಮನ್ನು ನಾನು ಗೌರವಿಸುತ್ತೇನೆ.

ಇನ್ನು ನನ್ನ ದೂರು. ತಮ್ಮ ಎರಡೂ ಮಗ್ಗುಲಿಗೆ ಉಳಿದದ್ದು ಒಂದೂಕಾಲು ಅಡಿ. ನಾನು ಉಸಿರು ಬಿಗಿಹಿಡಿದು ಅಡ್ಡವಾಗಿ ಸರಿದು ಹೊರಗೆ ಹೋಗಬಲ್ಲೆ. ನನ್ನ ತಾಯಿ ಇಂದೂಬಾಯಿಯವರಿಗೆ ಎಂಬತ್ತು ವರ್ಷ, ಎರಡೂ ಮೊಣಕಾಲು ಮಡಚುವುದಿಲ್ಲ, ಶರೀರವೂ ಸ್ವಲ್ಪ ಉದಾರವಾದದ್ದು. ಅವರ ಅಕ್ಕ ಸಾವಿತ್ರೀಬಾಯಿಯವರು ಕಮಲಾಪುರದಲ್ಲಿ ತವರಿನ ಬಾಳೆತೋಟದ ಮನೆಯಲ್ಲಿ ಇದ್ದಾರೆ. ಪ್ರತಿ ನಾಗರಪಂಚಮಿಗೆ ತಂಗಿ ಅಲ್ಲಿಗೆ ಹೋಗಿ ಅಕ್ಕನ ಜೊತೆ ಹಾಲೆರೆಯುವುದು ಐವತ್ತೆಂಟು ವರ್ಷ ನಡೆದುಬಂದ ಪದ್ಧತಿ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಮೂರು ವರ್ಷದಿಂದ ಅದು ತಪ್ಪಿಹೋಗಿದೆ. ಅಕ್ಕನಿಗೆ ಈಗ ಕಣ್ಣು ಮಂಜಾಗಿದೆ, ಕಾಗದ ಬರೆಸುವುದನ್ನೂ ನಿಲ್ಲಿಸಿದ್ದಾರೆ. “ಮುಂದಿನ ಪಂಚಮಿಗೆ ಅಕ್ಕ ನನ್ನ ಮಾರಿ ಗುರುತು ಹಿಡೀತಾಳೋ ಇಲ್ಲೋ” ಎಂದು ಅಮ್ಮ ಒಂದೇ ಸಲ ಅಂದರು, ಆಮೇಲೆ ಅನ್ನಲಿಲ್ಲ. ಆ ಒಂದು ಮಾತಿಗಾಗಿ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಹಳೆಯ ಕಾರು ಕೊಂಡೆ. ಕಾರೂ ಅಮ್ಮನೂ ತಮ್ಮ ಮೂತಿಯ ಈಚೆಗೆ, ಕಮಲಾಪುರ ತಮ್ಮ ಬಾಲದ ಆಚೆಗೆ.

ಕಾನೂನಿನ ಮೊರೆ ಹೋದೆ. ಠಾಣೆಯಲ್ಲಿ ಕುರ್ಚಿ ಕೊಟ್ಟು ಕೂಡಿಸಿದರು. ಆದರೆ ನಮ್ಮ ಕಾಗದವನ್ನು ಓದಿದ ಮೇಲೆ ಹವಾಲ್ದಾರರು ಮರುಕದಿಂದ, “ಬಾಯಾರ, ಲಾರಿ ಸಡಕಿನ ಮ್ಯಾಲಿದ್ರ ಈಗಿಂದೀಗ ಎಳಸ್ತಿದ್ದೆ. ಇದು ಖಾಸಗಿ ಜಾಗಾ. ನಿಮ್ಮನ್ಯಾಗ ನೀವು ಪಲ್ಲಂಗ ಎಲ್ಲಿ ಹಾಕೀರಿ ಅಂತ ನಾ ಕೇಳ್ಳಾಕ ಬರ್ತದೇನ್ರಿ?” ಎಂದರು. ನಗರದ ಕಚೇರಿಯವರು, ಈ ರಸ್ತೆ ಸರಕಾರದ್ದಲ್ಲವೆಂದು ಆರು ವರ್ಷ ವಾದಿಸಿ ಗೆದ್ದವರು ನೀವೇ ಎಂದು ನನ್ನನ್ನು ಅಭಿನಂದಿಸಿದರು. ವಾಹನಗಳ ಕಚೇರಿಯವರು, ಸಾರ್ವಜನಿಕ ರಸ್ತೆಯ ಮೇಲೆ ಓಡದ ವಾಹನ ನಿಯಮ ಮುರಿದಂತಾಗುವುದಿಲ್ಲ, ನಿಜ ಹೇಳಬೇಕೆಂದರೆ ಇಡೀ ಜಿಲ್ಲೆಯಲ್ಲಿ ಈಗ ನಿಯಮಪಾಲನೆಯಲ್ಲಿ ತಮ್ಮನ್ನು ಮೀರಿಸಿದ ಲಾರಿ ಇನ್ನೊಂದಿಲ್ಲ ಎಂದರು. ಈ ಮಾತನ್ನು ತಮಗೆ ತಲುಪಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಹವಾಲ್ದಾರರ ಮಾತಿನಿಂದ ನನಗೊಂದು ಲಾಭವೂ ಆಯಿತೆನ್ನಿ. ಖಾಸಗಿ ರಸ್ತೆಯಲ್ಲಿ ಲೈಸೆನ್ಸು ಕೇಳುವವರಿಲ್ಲವೆಂದು ತಿಳಿದ ಮೇಲೆ, ಆಗಿನ್ನೂ ಪರೀಕ್ಷೆ ಪಾಸಾಗದಿದ್ದ ನಾನು ತಮ್ಮ ಮೂತಿಯಿಂದ ಹಿಂದಿನ ಗೋಡೆಯವರೆಗಿನ ಅರವತ್ತಡಿಯಲ್ಲಿ ದಿನಾ ಬೆಳಿಗ್ಗೆ ಕಾರು ಓಡಿಸತೊಡಗಿದೆ. ಅರವತ್ತಡಿ ಮುಂದೆ, ಅರವತ್ತಡಿ ಹಿಂದೆ. ಮೊದಲನೆಯ ಗೇರು ದಾಟಲು ಅವಕಾಶವೇ ಇರಲಿಲ್ಲ, ಆದರೆ ಅಷ್ಟು ಸ್ವಾತಂತ್ರ್ಯವನ್ನು ನಾನು ಆವರೆಗೆ ಅನುಭವಿಸಿರಲಿಲ್ಲ. ಹುಸೇನ ತಮ್ಮ ಬಾನೆಟ್ಟಿನ ಮೇಲೆ ಕೂತು, “ಕಿಲಚ್ ಬಿಡ್ರಿ ಬಾಯಾರ, ಹಗೂರ್ಕ, ಕೂಸಿನ ಕೈ ಬಿಟ್ಟಂಗ” ಎಂದು ಪಾಠ ಹೇಳುತ್ತಿದ್ದ. ಎಂಟು ಮನೆಗಳಿಂದ ಸರದಿಯ ಮೇಲೆ ಅವನಿಗೆ ಊಟ ಬರುತ್ತಿತ್ತು. ಗಾಡಿ ಎಲ್ಲಿದೆ ಎಂದು ಮಾಲೀಕರು ಫೋನಿನಲ್ಲಿ ಬೈದಾಗ ಅವನು, “ಎಲ್ಲಿ ಹೋಗ್ತದ ಸಾಬ್, ಬ್ಯಾಮಣರ ಓಣ್ಯಾಗ ಚಾತುರ್ಮಾಸಕ್ಕ ಕುಂತದ” ಎಂದು ಉತ್ತರಿಸಿದನಂತೆ.

ಆಷಾಢ ಮುಗಿಯಿತು. ನಾನು ಪಂಚಾಂಗದ ಕೆಳಗೆ ಕೈಯೊಡ್ಡಿ ನಿಂತೆ. ಜಯತೀರ್ಥರಾಯರು ಬೆರಳು ಮಡಚಿ, ಬಿಚ್ಚಿ, ಕಂಬ ಕೀಳಲು ಯೋಗ್ಯವಾದ ಮೊದಲ ಮುಹೂರ್ತ ಶ್ರಾವಣ ಶುದ್ಧ ದಶಮಿಗೆ ಎಂದರು. ಪಂಚಮಿ ಅದಕ್ಕೆ ಐದು ದಿನ ಮೊದಲು. ನಾನು ಬೇಡಿಕೊಂಡೆ, ವಾದಿಸಿದೆ. “ಶಾಸ್ತ್ರ ನನ್ನ ಮನೀದಲ್ಲ ಮಗಳ” ಎಂದರು. ಪಾಪ, ಅವರ ಕಣ್ಣಲ್ಲೂ ನೀರಿತ್ತು. ಅಂದು ಸಂಜೆ ನಾನು ತಮ್ಮ ಮುಂದೆ ಬಂದು ಕೈಮುಗಿದು, ಒಂದು ರಾತ್ರಿಯ ಮಟ್ಟಿಗೆ ಎರಡೂ ಮಗ್ಗುಲು ಒಂಬತ್ತೊಂಬತ್ತು ಅಂಗುಲ ಸಣ್ಣಗಾಗಲು ಸಾಧ್ಯವೇ ಎಂದು ವಿನಂತಿಸಿಕೊಂಡದ್ದು ತಮಗೆ ನೆನಪಿರಬಹುದು. ತಾವು ಉತ್ತರಿಸಲಿಲ್ಲ. ನಿರಾಕರಿಸಲೂ ಇಲ್ಲ.

ಪಂಚಮಿಯ ಬೆಳಿಗ್ಗೆ ಅಮ್ಮ ಇಳಕಲ್ ಸೀರೆ ಉಟ್ಟು, ಶೇಂಗಾದುಂಡಿ ಎಳ್ಳುಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಮೂತಿಯೆದುರು ಕುರ್ಚಿ ಹಾಕಿಸಿಕೊಂಡು ಕೂತರು. ಜಯತೀರ್ಥರಾಯರನ್ನು ಕರೆಸಿದರು. ಓಣಿಯೆಲ್ಲ ಸೇರಿತು.

“ಜಯತೀರ್ಥಾ, ನೀ ಹುಟ್ಟಿದ್ದು ಯಾವ ಮುಹೂರ್ತಕ್ಕೋ?”

“ಅದು... ಅಮಾಸಿ ದಿನಾ, ರಾಹುಕಾಲದಾಗ, ಇಂದೂ ಮಾವಶಿ.”

“ನಿಮ್ಮವ್ವ ಮೂರು ದಿನಾ ಒದ್ದಾಡಿದ್ಲು. ಹಿಡಕೊಂಡು ಕೂತಾಕಿ ನಾನು. ಸ್ವಲ್ಪ ತಡಿ, ಮುಹೂರ್ತ ಛಲೋ ಇಲ್ಲ ಅಂತ ನಾ ನಿನ್ನ ಒಳಗ ದಬ್ಬಿದ್ದೇನೇನು?”

ಓಣಿ ನಗಲಾರದೆ ಕೆಮ್ಮಿತು. ಅಮ್ಮ ಮುಂದುವರಿಸಿದರು: “ಈ ರಸ್ತಾ ಎಂಟು ಮನೀದು ಅಂತ ಕಾಗದ ತಂದಾವ ನೀನೇ. ಎಂಟರಾಗ ಒಂದು ಪಾಲು ನಂದು. ನನ್ನ ಪಾಲಿನ ಕಂಬ ನಾ ಕೀಳಸ್ತೀನಿ. ಪಾಪ ಬಂದ್ರ ನನಗ ಬರ್ಲಿ. ಹುಸೇನಾ, ಹಾರಿಕೋಲು ತಗೋ.”

ಅರವತ್ತೆರಡು ವರ್ಷದ ಜಯತೀರ್ಥರಾಯರು ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತು, ಕಣ್ಣಾರೆ ನೋಡದೆ ಇದ್ದದ್ದು ನಡೆದಿಲ್ಲ ಎಂಬ ಹೊಸ ಶಾಸ್ತ್ರವನ್ನು ಅಲ್ಲಿಯೇ ರಚಿಸಿದರು. ಕಂಬ ಅರ್ಧ ತಾಸಿನಲ್ಲಿ ಮಲಗಿತು. ನಾನು ಓಡಿಹೋಗಿ ಕಾರಿನ ಕೀಲಿ ತಿರುಗಿಸಿದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅರವತ್ತಡಿ ಮುಂದೆ, ಅರವತ್ತಡಿ ಹಿಂದೆ ಓಡಿಸುತ್ತ ನಾನು ಇದ್ದ ಪೆಟ್ರೋಲನ್ನೆಲ್ಲ ಓಣಿಯೊಳಗೇ ಸುಟ್ಟುಬಿಟ್ಟಿದ್ದೆ. ಪೆಟ್ರೋಲು ತರುತ್ತೇನೆಂದು ಚಪ್ಪಲಿ ಮೆಟ್ಟಿ ಬರುವಷ್ಟರಲ್ಲಿ ನಾಲ್ಕು ಜನ ಅಮ್ಮನನ್ನು ಕುರ್ಚಿಸಹಿತ ಎತ್ತಿ ತಮ್ಮ ಕ್ಯಾಬಿನ್ನಿನೊಳಗೆ ಇಳಿಸಿಯಾಗಿತ್ತು. “ನೀ ಹಿಂದಿಂದ ಬಾರವಾ, ನಾ ಹೋಗಿರ್ತೀನಿ” ಎಂದರು.

ಒಂದು ಲೋಡು ಫರಸಿ, ಒಬ್ಬ ಹುಸೇನ ಹಾಗೂ ನನ್ನ ತಾಯಿಯನ್ನು ಹೊತ್ತು ತಾವು ಒಂದೂವರೆ ತಾಸಿನಲ್ಲಿ ಕಮಲಾಪುರ ಮುಟ್ಟಿದಿರಿ. ನಾನು ಬಸ್ಸಿನಲ್ಲಿ ಹೋಗಿ ನೋಡುವಷ್ಟರಲ್ಲಿ, ಮಳೆ ನೆನೆಸಿದ ಕೆಂಪು ಮಣ್ಣಿನ ತೋಟದ ದಾರಿಯಲ್ಲಿ, ಮನೆಯ ಕಟ್ಟೆಗೆ ಹತ್ತು ಮಾರು ದೂರದಲ್ಲಿ, ತಮ್ಮ ಹಿಂದಿನ ಗಾಲಿಗಳು ಅರ್ಧ ಹೂತುಹೋಗಿದ್ದವು. ಸಾವಿತ್ರೀಬಾಯಿಯವರು ಬಾಳೆಯ ಸಾಲು ಹಿಡಿದು ತಡಕಾಡುತ್ತ ಬಂದು, ಕ್ಯಾಬಿನ್ನಿನ ಬಾಗಿಲಿಂದ ತಂಗಿಯ ಮುಖವನ್ನು ಎರಡೂ ಅಂಗೈಯಿಂದ ಸವರಿ, “ಇಂದಿ, ದಪ್ಪಾಗೀಯಲ್ಲೇ” ಎಂದರಂತೆ. ಗುರುತು ಹಿಡಿದರು, ಮಾನ್ಯರೇ. ಹಾಲನ್ನೂ ಇಬ್ಬರೂ ಕೂಡಿಯೇ ಎರೆದರು.

ಅಲ್ಲಿಯ ಠಾಣೆಯಿಂದ ಒಬ್ಬ ಪೇದೆ ಬಂದು, ದಾರಿ ಯಾರದು ಎಂದು ವಿಚಾರಿಸಿದ. “ನಮ್ಮಪ್ಪಂದು, ಅವರಪ್ಪಂದು. ಖಾಸಗಿ ಅದ” ಎಂದು ಸಾವಿತ್ರೀಬಾಯಿಯವರು ಎದೆಯುಬ್ಬಿಸಿ ಹೇಳಿದರು. ಹಾಗಿದ್ದರೆ ತನಗೇನೂ ಕೆಲಸವಿಲ್ಲವೆಂದು ಅವನು ಚಹಾ ಕುಡಿದು, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಪಡೆದು ಹೋದ. ಅದಾಗಿ ವಾರ ಕಳೆದಿದೆ. ಗಾಡಿ ಏಳದೆ ತಾನು ಹೇಗೆ ಬರಲಿ, ಹುಸೇನನನ್ನು ಒಬ್ಬನನ್ನೇ ಬಿಟ್ಟು ಬರುವುದು ಮನುಷ್ಯತ್ವವೇ ಎಂದು ಅಮ್ಮ ಹೇಳಿಕಳಿಸಿದ್ದಾರೆ. ಅಕ್ಕತಂಗಿಯರು ಬೆಳಗಿನಿಂದ ಕಟ್ಟೆಯ ಮೇಲೆ ಕೂತು ಮೂರು ವರ್ಷದ ಬಾಕಿ ಜಗಳಗಳನ್ನು ಒಂದೊಂದಾಗಿ ಆಡಿ ಮುಗಿಸುತ್ತಿದ್ದಾರಂತೆ.

ಆದ್ದರಿಂದ ಮಾನ್ಯರೇ, ನನ್ನ ವಿನಂತಿ ಇಷ್ಟೇ. ಫರಸಿಯ ಮನೆಯವರು ಕಾಯಲಿ, ಅವರು ಇನ್ನೂ ಪಾಯವನ್ನೇ ತೋಡಿಲ್ಲವೆಂದು ವಿಚಾರಿಸಿ ತಿಳಿದಿದ್ದೇನೆ. ಹುಸೇನನ ಪರವಾಗಿ ತಮ್ಮ ಮಾಲೀಕರಿಗೆ ಎರಡು ಪುಟದ ಕಾಗದ ಬರೆದಿದ್ದೇನೆ. ತಮ್ಮನ್ನು ಎಳೆಯಲು ಯಾರಾದರೂ ಟ್ರ್ಯಾಕ್ಟರು ತಂದರೆ ದಯವಿಟ್ಟು ಆ ಹೊತ್ತಿಗೆ ಇನ್ನೊಂದು ಟನ್ನು ಭಾರವಾಗಿರಿ. ಬಿಸಿಲು ಬಿದ್ದು ಮಣ್ಣು ಒಣಗುವ ಲಕ್ಷಣ ಕಂಡರೆ ಒಂದಂಗುಲ ಕೆಳಗಿಳಿಯಿರಿ. ಶ್ರಾವಣ ಪೂರ್ತಿ ಅಲ್ಲಿಯೇ ಇರಿ. ಇರಲು ತಮಗಿರುವ ಯೋಗ್ಯತೆಯನ್ನು ನಾನು ಮೂವತ್ತೊಂಬತ್ತು ದಿನ ಕಣ್ಣಾರೆ ಕಂಡವಳು.

ತಾವು ಕದಲಲಾರಿರೆಂದು ನಂಬಿರುವ,
ತಮ್ಮ ವಿಶ್ವಾಸಿ,
ವಿಮಲಾ

ತಾ.ಕ.: ತಾವು ಹೋದ ಮರುದಿನವೇ ಮಂಗಲ ಕಾರ್ಯಾಲಯದ ಮದುವೆಯ ಜೀಪುಗಳು ನಮ್ಮ ಓಣಿ ತುಂಬಿದವು. ಜಾಗ ಸಾಲದೆ ನಾನು ನನ್ನ ಕಾರನ್ನು, ಪೆಟ್ರೋಲು ಹಾಕಿಸಿ, ಹೊರಗೆ ಸಾರ್ವಜನಿಕ ರಸ್ತೆಯ ಅಂಚಿಗೆ ನಿಲ್ಲಿಸಿದೆ. ಹನ್ನೊಂದು ನಿಮಿಷಕ್ಕೆ ಅದೇ ಹವಾಲ್ದಾರರು ಬಂದು ಚೀಟಿ ಹಚ್ಚಿ ಹೋದರು. ಕಾನೂನು ಇಲ್ಲವೆಂದು ನಾನು ಇನ್ನು ಮುಂದೆ ಯಾರ ಮುಂದೆಯೂ ಹೇಳುವುದಿಲ್ಲ; ಅದು ಕೇವಲ ನಮ್ಮ ಓಣಿಯ ಹೊರಗೆ ಕಾಯುತ್ತ ನಿಂತಿತ್ತು.