ಭಾನುವಾರವೇ ಬರೆದಿಟ್ಟ ನೆನಪುಗಳು

ಹೆಂಡತಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಒಂದು ಘನ ನಿರ್ಧಾರ ಮಾಡಿದೆ: ಇನ್ನು ಈ ಮನೆಯಲ್ಲಿ ಗಡಿಬಿಡಿ ಎಂಬುದಿಲ್ಲ! ನಾನು ಪ್ರಯೋಗಾಲಯದ ಮನುಷ್ಯ. ಅಲ್ಲಿ ಒಂದೊಂದೇ ಮಾದರಿ ಪರೀಕ್ಷಿಸುತ್ತ ಕೂರುವುದಿಲ್ಲ. ಒಂದೇ ಬಗೆಯವನ್ನು ಒಟ್ಟುಮಾಡಿ ಒಂದೇ ಸಲ ಮುಗಿಸುತ್ತೇವೆ. ಮನೆಗೆಲಸಕ್ಕೂ ಅದೇ ಸೂತ್ರ. ಭಾನುವಾರ ವಾರದ ಅಂಗಿಗಳೆಲ್ಲ ಇಸ್ತ್ರಿಯಾದವು, ವಾರದ ತರಕಾರಿಯೆಲ್ಲ ಹೆಚ್ಚಿ ಡಬ್ಬಿ ಸೇರಿತು. ಅದೇ ಹುರುಪಿನಲ್ಲಿ ಹೆಂಡತಿಗೆ ಕಳಿಸಬೇಕಾದ ವಾರದ ಸಂದೇಶಗಳನ್ನೂ ಬರೆದು, ದಿನಕ್ಕೊಂದರಂತೆ ಸಂಜೆ ತಾನಾಗಿಯೇ ಹೋಗುವ ಹಾಗೆ ಫೋನಿನಲ್ಲಿ ಹೊಂದಿಸಿಟ್ಟೆ. ಅವಳ ಉತ್ತರಗಳನ್ನು ಓದುವುದು? ಅದೂ ಮುಂದಿನ ಭಾನುವಾರ, ಒಟ್ಟಿಗೆ!

ವ್ಯವಸ್ಥೆ ಎಷ್ಟು ಸೊಗಸಾಗಿ ನಡೆಯಿತೆಂದರೆ ಸಂಜೆಗೆ ಒಂದು ಕೆಲಸವೂ ಉಳಿಯಲಿಲ್ಲ. ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಗೋಡೆ ನನ್ನನ್ನು ನೋಡಿತು, ನಾನು ಗೋಡೆಯನ್ನು ನೋಡಿದೆ.

ಶನಿವಾರ ಸಂಜೆ ಬಾಗಿಲು ದಬದಬ ಎಂದಿತು. ತೆರೆದರೆ ಹೆಂಡತಿ! ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹಿಡಿ ಮುರಿದ ಸೂಟ್‌ಕೇಸು, ಕಣ್ಣಲ್ಲಿ ಕೆಂಡ.

“ಬಸ್‌ಸ್ಟ್ಯಾಂಡಿಗೆ ಬನ್ನಿ ಅಂತ ಬೆಳಿಗ್ಗೇನೇ ಬರೆದಿದ್ದೆನಲ್ರೀ! ಕಾದು ಕಾದು ಅಲ್ಲೇ ಬೇರು ಬಿಟ್ಟೆ!”

“ಅದು... ಓದೋದು ನಾಳೆಗಿತ್ತು.”

“ನಾಳೆಗಾ? ದಿನಾ ಬೇಜಾರು ಅಂತ ಬರೀತಿದ್ದಾರೆ, ಪಾಪ ಒಬ್ರೇ ಇದ್ದಾರೆ ಅಂತ ರಜೆ ಹಾಕಿ ಓಡಿ ಬಂದೆ ನಾನು!”

ಅಷ್ಟರಲ್ಲಿ ಅವಳ ಫೋನು ಟಣ್ ಎಂದಿತು. ಗಟ್ಟಿಯಾಗಿ ಓದಿದಳು: “‘ಈಗ ಕಿಟಕಿ ಹತ್ತಿರ ಒಬ್ಬನೇ ನಿಂತಿದ್ದೀನಿ. ನೀನಿಲ್ಲದೆ ಮನೆ ಬಿಕೋ ಅಂತಿದೆ.’”

ಕಿಟಕಿಯನ್ನು ನೋಡಿದಳು. ಅವಳೆದುರಿಗೇ ಕಂಬದಂತೆ ನಿಂತಿದ್ದ ನನ್ನನ್ನು ನೋಡಿದಳು. ಎಲ್ಲವನ್ನೂ ಒಪ್ಪಿಕೊಂಡೆ.

“ಅಂದ್ರೆ, ಒಂದು ದಿನಾನೂ ನಿಜವಾಗಿ ನನ್ನ ನೆನಪಾಗಲಿಲ್ವಾ?” ಗುಡುಗುತ್ತಿದ್ದ ದನಿ ಸಣ್ಣದಾಯಿತು.

“ದಿನಾ ಆಗ್ತಿತ್ತು ಕಣೇ.”

“ಮತ್ತೆ ಆಗ್ಲೇ ಯಾಕೆ ಬರೀಲಿಲ್ಲ?”

“ಅಷ್ಟೊತ್ತಿಗೆ ಅವತ್ತಿನದು ಹೋಗಿಬಿಟ್ಟಿರ್ತಿತ್ತಲ್ಲ!”

ಅಳಬೇಕೋ ನಗಬೇಕೋ ತಿಳಿಯದೆ ಅವಳು ನಕ್ಕಳು. ಸದ್ಯ, ಬದುಕಿದೆ!

ಮರುದಿನ ಬಸ್ಸು ಹತ್ತುವಾಗ, “ಇನ್ಮೇಲೆ ನೆನಪಾದಾಗ ಮಾತ್ರ ಬರೀರಿ, ತಿಳೀತಾ?” ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. ನನಗೆ ಮಾತ್ರ ಊರೇ ಖಾಲಿಯಾದಂತಿತ್ತು. ಮನೆಗೆ ಹೋಗುವಷ್ಟೂ ತಾಳಲಾರದೆ ಅಲ್ಲೇ ನಿಂತು ಬರೆದೆ: ‘ಆಗಲೇ ನೆನಪಾಗ್ತಿದೆ ಕಣೇ.’

ತಕ್ಷಣ ಉತ್ತರ ಬಂತು. ತಕ್ಷಣವೇ ಓದಿದೆ, ಗಮನಿಸಿ!

‘ಇದನ್ನ ಯಾವಾಗ ಬರೆದಿಟ್ಟಿದ್ರಿ?’