ಒಂದು ಲ್ಯಾಪ್‌ಟಾಪು, ಎರಡು ಡಿಸ್ಕು, ಚಿಂತಾಮಣಿಯ ರೇಡು

ಕಂಪ್ಯೂಟರ್ ರಿಪೇರಿಯಲ್ಲಿ ಮಷೀನು ಕೆಡೋದು ಒಂದು ಸಲ, ಅದರ ಸುತ್ತ ಸೇರುವ ಜನರಿಂದ ತಮಾಷೆಯಾಗೋದು ಹತ್ತು ಸಲ. ನಾನು ಚಿಕ್ಕಬಳ್ಳಾಪುರದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಕಾಲ. ಎರಡು ಸಾವಿರದ ಏಳೋ ಎಂಟೋ ಇರಬೇಕು. ಒಂದೇ ಒಂದು ಲ್ಯಾಪ್‌ಟಾಪು ನನ್ನನ್ನು ನಾಲ್ಕು ಸಲ ನಗಿಸಿತು.

೧. ಯಾವ ಥರದ ಜೋಡಿ

ಚಿಂತಾಮಣಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಗಂಡ ಹೆಂಡತಿ ದಪ್ಪನೆಯ ಲ್ಯಾಪ್‌ಟಾಪ್ ಹೊತ್ತು ತಂದರು. ಒಳಗಿನ ಹಾರ್ಡ್ ಡಿಸ್ಕು ಕಟಕಟ ಅನ್ನುತ್ತಿತ್ತು. ಆ ಸೀಸನ್ನಿನ ಮದುವೆ ವಿಡಿಯೋಗಳೆಲ್ಲ ಅದರಲ್ಲೇ.

"ಮೇಡಂ, ಹೊಸದಾಗಿ ಏನೂ ಹಾಕ್ಬೇಡಿ. ಇರೋದನ್ನ ಇರೋ ಹಂಗೇ ಎತ್ತಿ ಬೇರೆ ಡಿಸ್ಕಲ್ಲಿ ಇಡಿ. ನನ್ನ ಎಡಿಟಿಂಗ್ ಸೆಟ್ಟಿಂಗು ಹೋದ್ರೆ ನಾನೇ ಹೋದಂಗೆ" ಎಂದರು ಗಂಡ.

ಆ ಲ್ಯಾಪ್‌ಟಾಪಿನಲ್ಲಿ ಎರಡು ಡಿಸ್ಕಿಗೆ ಜಾಗವಿತ್ತು. ಎರಡನ್ನೂ ಜೋಡಿಸಿ ಒಂದರಂತೆ ಓಡಿಸಬಹುದು, ಅದಕ್ಕೆ ರೇಡ್ ಅಂತಾರೆ ಎಂದು ವಿವರಿಸಿದೆ. "ಒಂದು ಥರದಲ್ಲಿ ಅರ್ಧರ್ಧ ಹಂಚ್ಕೊಂಡು ಕೆಲ್ಸ ಮಾಡ್ತವೆ. ಭಾರಿ ಸ್ಪೀಡು. ಆದ್ರೆ ಒಂದು ಹೋದ್ರೆ ಎಲ್ಲಾ ಹೋಯ್ತು. ಇನ್ನೊಂದು ಥರದಲ್ಲಿ ಎರಡರಲ್ಲೂ ಒಂದೇ ಇರುತ್ತೆ. ಸ್ಪೀಡು ಅಷ್ಟಿಲ್ಲ. ಒಂದು ಕೆಟ್ರೂ ಇನ್ನೊಂದು ನಡೆಸುತ್ತೆ."

"ಸ್ಪೀಡೇ ಇರ್ಲಿ ಮೇಡಂ" ಎಂದರು ಗಂಡ.

"ರೀ, ನೀವು ಸುಮ್ನಿರಿ" ಎಂದು ಹೆಂಡತಿ ನನ್ನ ಕಡೆ ತಿರುಗಿದರು. "ಎರಡನೇದೇ ಹಾಕಿ ಮೇಡಂ. ಇವ್ರು ಕೈ ಕೊಟ್ರೂ ಅಂಗಡಿ ನಡೀಬೇಕು."

೨. ಎಂಥಾ ನೀಲಿ

ಹೊಸ ಡಿಸ್ಕುಗಳನ್ನು ಜೋಡಿಸಿ, ಹಳೆಯದರಲ್ಲಿದ್ದ ಆಪರೇಟಿಂಗ್ ಸಿಸ್ಟಮ್ಮನ್ನು ಹಾಗೇ ನಕಲು ಮಾಡಿ ಆನ್ ಮಾಡಿದೆ. ಸ್ಕ್ರೀನ್ ತುಂಬ ನೀಲಿ, ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ. ಹಳೇ ಸಿಸ್ಟಮ್ಮಿಗೆ ಹೊಸ ಜೋಡಿಯ ಗುರುತು ಹತ್ತಲಿಲ್ಲ, ಅಲ್ಲೇ ಕೂತುಬಿಟ್ಟಿತು.

ಸ್ಟುಡಿಯೋ ಯಜಮಾನರು ಬಗ್ಗಿ ನೋಡಿದರು. "ಎಂಥಾ ನೀಲಿ ಮೇಡಂ! ಒಂದು ಸುಕ್ಕಿಲ್ಲ. ಇಂಥಾ ಪರದೆ ಮುಂದೆ ಹೆಣ್ಣು ಗಂಡು ನಿಲ್ಸಿ, ನಾವು ಹಿಂದ್ಗಡೆ ಹಿಮದ ಬೆಟ್ಟ ತೋರಿಸ್ತೀವಿ. ನೀವೇನು ತೋರಿಸ್ತೀರ?"

"ಸದ್ಯಕ್ಕೆ ಬಸ್ ಸ್ಟ್ಯಾಂಡ್ ತೋರಿಸ್ತೀನಿ" ಎಂದೆ. ದಾರಿ ಸಿಕ್ಕಮೇಲೆ ನಾನೇ ಬರ್ತೀನಿ ಅಂತ ಹೇಳಿ, ಹಳೇ ಡಿಸ್ಕನ್ನೇ ಮತ್ತೆ ಹಾಕಿ ಕಳಿಸಿಕೊಟ್ಟೆ.

೩. ಪೂಜೆ ತಪ್ಪಿಲ್ಲ

ಆ ಗುರುತು ಹತ್ತಿಸುವ ಡ್ರೈವರ್ ಫೈಲನ್ನು ಸಿಸ್ಟಮ್ಮು ಫ್ಲಾಪಿಯಲ್ಲೇ, ಅಂದರೆ ಹಳೇ ಕಾಲದ ಚೌಕನೆಯ ಡಿಸ್ಕಿನಲ್ಲೇ ಕೇಳುತ್ತಿತ್ತು. ಲ್ಯಾಪ್‌ಟಾಪಿಗೆ ಫ್ಲಾಪಿ ಹಾಕುವ ಬಾಯೇ ಇಲ್ಲ! ಹೊರಗಿನಿಂದ ವೈರಿನಲ್ಲಿ ಸಿಕ್ಕಿಸುವ ಫ್ಲಾಪಿ ಡ್ರೈವ್ ಶಿಡ್ಲಘಟ್ಟದಲ್ಲಿ ಟೈಪಿಂಗ್ ಕ್ಲಾಸು ನಡೆಸುವ ಮೇಷ್ಟ್ರ ಹತ್ತಿರ ಇದೆ ಅಂತ ಗೊತ್ತಾಗಿ ಹೋದೆ.

ಮೇಷ್ಟ್ರು ಬೀರುವಿನಿಂದ ತೆಗೆದರು. ಮೈತುಂಬ ಅರಿಶಿನ ಕುಂಕುಮ. ಬೋರಲು ಮಾಡಿದರೆ ಬಾಯಿಂದ ಎರಡು ಅಕ್ಷತೆ ಕಾಳು ಬಿದ್ದವು.

"ಮೇಷ್ಟ್ರೇ, ಇದು ಕೆಲಸ ಮಾಡುತ್ತಾ?"

"ಅದು ಗೊತ್ತಿಲ್ಲಮ್ಮ. ಆಯುಧಪೂಜೆ ಮಾತ್ರ ಒಂದು ವರ್ಷಾನೂ ತಪ್ಪಿಸಿಲ್ಲ."

ಅವರ ಕಂಪ್ಯೂಟರಿಗೇ ಸಿಕ್ಕಿಸಿದೆ. ಗರ್ ಅಂತ ಓಡಿತು. ಮೇಷ್ಟ್ರು ಚಪ್ಪಲಿ ಬಿಟ್ಟು ಬಂದು ಕೈಮುಗಿದರು. ನನಗಲ್ಲ, ಅದಕ್ಕೆ.

೪. ರೇಡ್ ಮುಗೀತು

ಡ್ರೈವನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡು, ಖುಷಿಯಲ್ಲಿ ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲೇ ನಿಂತು, ಇದೇ ಕೆಲಸ ಮಾಡುವ ಗೆಳತಿಗೆ ಫೋನ್ ಮಾಡಿದೆ. ಗದ್ದಲವಿತ್ತು, ಕೂಗಿಯೇ ಹೇಳಿದೆ: "ನಾಳೆ ಹತ್ತು ಗಂಟೆಗೆ ಚಿಂತಾಮಣೀಲಿ ರೇಡ್ ಕಣೇ! ಎರಡೂ ಕಡೆ ಒಟ್ಟಿಗೆ. ಹಳೇದ್ರಲ್ಲಿ ಏನೇನಿದ್ಯೋ ಎಲ್ಲಾ ಎತ್ತೋದೇ, ಒಂದೂ ಬಿಡಲ್ಲ!" ಸಿ.ಡಿ. ಕಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದವರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಓಡಿಹೋಗಿ ಚಿಂತಾಮಣಿ ಬಸ್ ಹತ್ತಿದರು.

ಬೆಳಿಗ್ಗೆ ಹೋದರೆ ಸ್ಟುಡಿಯೋ ಬೀದಿಯಲ್ಲಿ ಸಿ.ಡಿ. ಅಂಗಡಿಗಳ ಬಾಗಿಲೆಲ್ಲ ಮುಚ್ಚಿದ್ದವು. ಸ್ಟುಡಿಯೋಗೂ ಬೀಗ. ಫೋನ್ ಮಾಡಿದೆ.

"ಮೇಡಂ, ಇವತ್ತು ಬರ್ಬೇಡಿ!" ಸ್ಟುಡಿಯೋದವರ ದನಿ ಪಿಸುಗುಟ್ಟಿತು. "ಊರಲ್ಲಿ ನಕಲಿ ಸಿ.ಡಿ. ಹಿಡಿಯೋ ರೇಡ್ ಅಂತೆ. ಯಾರೋ ಲೇಡಿ ಆಫೀಸರು, ಬಲು ಜೋರಂತೆ. ಮದುವೆ ವಿಡಿಯೋಗೆ ಹಾಕೋ ಸಿನಿಮಾ ಹಾಡೆಲ್ಲ ನಂದಾ? ಲ್ಯಾಪ್‌ಟಾಪ್ ಎತ್ಕೊಂಡು ಜಂಗಮಕೋಟೆಗೆ ಅತ್ತೆ ಮನೆಗೆ ಬಂದ್ಬಿಟ್ಟಿದ್ದೀವಿ."

ಆ ಲೇಡಿ ಆಫೀಸರು ಯಾರು ಅಂತ ನನಗೆ ತಕ್ಷಣ ಹೊಳೆಯಿತು. ಅಲ್ಲಿಗೇ ಬರ್ತೀನಿ ಎಂದಷ್ಟೇ ಹೇಳಿ ಜಂಗಮಕೋಟೆಯ ಬಸ್ ಹತ್ತಿದೆ.

ಅತ್ತೆ ಮನೆಯಲ್ಲಿ ಒಂದು ಕಡೆ ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ, ಇನ್ನೊಂದು ಕಡೆ ಫ್ಲಾಪಿಯ ಗರಗರ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಆನ್ ಮಾಡಿದರೆ ಹಳೇ ಸ್ಕ್ರೀನು, ಹಳೇ ಸೆಟ್ಟಿಂಗು, ಹಳೇ ಮದುವೆಗಳು. ಗಂಡನ ಕಣ್ಣಲ್ಲಿ ನೀರು.

ಅತ್ತೆ ಇಣುಕಿ ನೋಡಿದರು. "ಅಷ್ಟೇನಾ? ಬೆಳಿಗ್ಗಿಂದ ಒದ್ದಾಡಿ ಮೊದ್ಲಿದ್ದಂಗೇ ಮಾಡಿದ್ಯಲ್ಲಮ್ಮ?"

"ಮೊದ್ಲಿದ್ದಂಗೇ ಇರ್ಬೇಕು ಅಂತಾನೇ ಒದ್ದಾಡಿದ್ದು ಅತ್ತೆಮ್ಮ" ಎಂದೆ. ಅವರು ನಕ್ಕು, ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಇನ್ನು ಗುಟ್ಟು ಹೊರಲಾರದೆ ಬಸ್ ಸ್ಟ್ಯಾಂಡಿನ ಫೋನಿನ ಕಥೆ ಒಪ್ಪಿಸಿದೆ.

ಸ್ಟುಡಿಯೋದವರು ಬಾಯಿಗೆ ಹೊರಟ ತುತ್ತನ್ನು ತಟ್ಟೆಗೇ ಇಟ್ಟರು. ಆಮೇಲೆ ಎಡಗೈಯಲ್ಲಿ ಮೊಬೈಲ್ ಎತ್ತಿ ಸಿ.ಡಿ. ಅಂಗಡಿಯವರಿಗೆ ಫೋನ್ ಮಾಡಿದರು.

"ಬಾಗ್ಲು ತೆಗೀರಪ್ಪ, ರೇಡ್ ಮುಗೀತು. ಆಫೀಸರಮ್ಮ ನಮ್ಮತ್ತೆ ಮನೇಲಿ ಎರಡನೇ ಮುದ್ದೆ ನುಂಗ್ತಾ ಅವ್ರೆ!"