ಒಂದು ಕೋಣೆ, ಸಾಲುಗಟ್ಟಿದ ಮುದುಕರು

ಸೂರು ಸೋರುತ್ತಿದೆ ಎಂದು ಮಾಲೀಕನಿಗೆ ಹೇಳಿದ್ದೇ ತಪ್ಪಾಯಿತು. ಮಾಲೀಕ ಬಂದ, ತಲೆಯೆತ್ತಿ ನೋಡಿದ, "ಹೌದಲ್ಲ, ಇದನ್ನ ಕೆಡವೋದೇ ಒಳ್ಳೇದು" ಅಂದ. ರಿಪೇರಿ ಕೇಳಿದವರಿಗೆ ಕೋಣೆಯೇ ಇಲ್ಲದಂತಾಯಿತು. ನಾಳೆ ಬೆಳಿಗ್ಗೆ ಹಾರೆ ಗುದ್ದಲಿ ಬರುತ್ತವೆ.

ಹೀಗೆ ಬಾಯಿಬಿಟ್ಟು ಕೆಟ್ಟವರು ರೈಟ್ ತಾತ. ಬಸ್ಸಿನಲ್ಲಿ "ರೈಟ್ ರೈಟ್" ಎನ್ನುತ್ತಲೇ ತಲೆ ನರೆತ ಕಂಡಕ್ಟರು. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಒಂಟಿ ಮುದುಕ ಅಂದರೆ ಯಾರೂ ಬಾಡಿಗೆಗೆ ಕೊಡುವುದಿಲ್ಲ. "ಹೆಚ್ಚುಕಮ್ಮಿ ಆದ್ರೆ ನೋಡೋರ್ಯಾರು ತಾತ?" ಎಂದು ನಯವಾಗಿಯೇ ಬಾಗಿಲು ಹಾಕಿಕೊಳ್ಳುತ್ತಾರೆ.

ಕೆಳಮನೆಯ ಟೈಲರಮ್ಮ ಸುದ್ದಿ ತಂದಳು. "ಹಿರಿಯರ ಮನೇಲಿ, ಅದೇ ಆ ವೃದ್ಧಾಶ್ರಮದಲ್ಲಿ, ಒಂದೇ ಒಂದು ಕೋಣೆ ಖಾಲಿ ಇದ್ಯಂತೆ. ಇವತ್ತೇ ಕೊಡ್ತಾರಂತೆ. ಹೋಗಿ ಸ್ವಲ್ಪ ಕುಂಟಿ, ಸ್ವಲ್ಪ ಕೆಮ್ಮಿ."

"ನಾನ್ಯಾಕೆ ಕುಂಟಲಮ್ಮಾ, ಕಾಲು ಕಲ್ಲಿದ್ದ ಹಾಗಿದೆ!"

"ಅದೇ ನಿಮ್ಮ ಕರ್ಮ" ಎಂದಳು ಟೈಲರಮ್ಮ. ಇಸ್ತ್ರಿಯವನಂತೂ ಶರ್ಟನ್ನೇ ವಾಪಸ್ ಕೊಡಲಿಲ್ಲ. "ಇಸ್ತ್ರಿ ಶರ್ಟಲ್ಲಿ ಹೋದ್ರೆ ಯಾರಿಗೆ ಅಯ್ಯೋ ಅನ್ಸುತ್ತೆ? ಮುದುರಿದ್ದು ಹಾಕ್ಕೊಂಡ್ ಹೋಗಿ."

ಮುದುರಿದ ಶರ್ಟಿನಲ್ಲಿ ತಾತ ಎಲ್ಲರಿಗಿಂತ ಮೊದಲು ಹೋಗಿ ಗೇಟಿನ ಮುಂದೆ ನಿಂತರು. ಇವತ್ತು ನಾನು, ನನ್ನ ಕೆಲಸ, ಅಷ್ಟೇ ಎಂದು ಗಟ್ಟಿ ಮನಸ್ಸು ಮಾಡಿಕೊಂಡರು.

ಆ ಗಟ್ಟಿತನ ಜನ ಸೇರುವವರೆಗೆ ಮಾತ್ರ. ಕೋಲೂರಿದವರು, ಗಂಟು ಹೊತ್ತವರು, ಒಬ್ಬರನ್ನೊಬ್ಬರು ಹಿಡಿದುಕೊಂಡವರು ಬಂದು ಮುತ್ತಿಕೊಂಡರು. ಗೇಟು ತೆಗೆದದ್ದೇ ತಡ, ನೂಕುನುಗ್ಗಲು ಶುರುವಾಯಿತು. ಕಾಲು ಊದಿಕೊಂಡ ಅಜ್ಜಿಯೊಬ್ಬಳು ಗೋಡೆಗೆ ಒತ್ತಿಹೋಗಿ "ಅಯ್ಯೋ" ಎಂದಳು. ತಾತನಿಗೆ ಇನ್ನು ತಡೆಯಲಾಗಲಿಲ್ಲ.

"ಏ ಸ್ವಾಮಿ, ಬಾಗಿಲಲ್ಲಿ ನಿಲ್ಬೇಡಿ! ಒಳಗೆ ಬನ್ನಿ, ಒಳಗೆ ಜಾಗ ಇದೆ! ಅಜ್ಜೀನ ಮುಂದೆ ಬಿಡ್ರೀ!"

ಆ ಗಂಟಲಿಗೆ ಇಡೀ ಗುಂಪು ಸಾಲಾಗಿ ನಿಂತಿತು. ವಾಚ್‌ಮನ್ ಬಾಯಿ ಬಿಟ್ಟುಕೊಂಡು ನೋಡಿದ. ನಂಬರ್ ಚೀಟಿಗಳ ಕಟ್ಟನ್ನು ತಂದು ತಾತನ ಕೈಗೇ ಹಾಕಿದ. "ಮೇಡಂ ನಂಬರ್ ಪ್ರಕಾರ ಕರೀತಾರೆ, ನೀವೇ ಹಂಚಿಬಿಡಿ ಯಜಮಾನ್ರೇ."

ಬೆರಳುಗಳಿಗೆ ಹಳೆಯ ಜೀವ ಬಂತು. ತಾತ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಟಪ್ ಟಪ್ ಎಂದು ಹರಿದರು. ಮೊದಲ ಚೀಟಿ ಕಾಲೂದಿದ ಅಜ್ಜಿಗೆ. ಜಗಳಗಂಟ ಮುದುಕನಿಗೆ ಗದರಿಕೆಯ ಜೊತೆ ಒಂದು. ನಿದ್ದೆ ಹೋದವರನ್ನು ಎಬ್ಬಿಸಿ ಒಂದೊಂದು. "ಯಾರಾದ್ರೂ ಇದ್ದೀರಾ, ಚೀಟಿ ತಗೊಳ್ದೋರು?" ಎಂದು ಮೂಲೆಮೂಲೆಗೂ ಹೋಗಿ ಕೇಳಿ ಬಂದರು. ಯಾರೂ ಇರಲಿಲ್ಲ. ಹಂಚಿ ಮುಗಿದ ಕೈಯನ್ನು ನೋಡಿಕೊಂಡರೆ ತಮಗೇ ಒಂದು ಚೀಟಿ ಉಳಿದಿರಲಿಲ್ಲ. ಕಂಡಕ್ಟರು ಯಾವ ಕಾಲದಲ್ಲಿ ತನಗೆ ಟಿಕೆಟ್ ಹರಿದುಕೊಂಡಿದ್ದಾನೆ?

ಆಮೇಲೆ ಚೀಟಿ ಕೇಳಲು ನಾಚಿಕೆ. ಅಲ್ಲದೆ ಪುರುಸೊತ್ತೂ ಇರಲಿಲ್ಲ. ಒಬ್ಬರಿಗೆ ನೀರು, ಒಬ್ಬರಿಗೆ ಕುರ್ಚಿ, ಒಬ್ಬರಿಗೆ ಬಚ್ಚಲಿನ ದಾರಿ. ಸಂಜೆ ಎಲ್ಲರ ಸರದಿ ಮುಗಿದ ಮೇಲೆ, ಮಾನ ಮರ್ಯಾದೆ ಬದಿಗಿಟ್ಟು ಕೇಳಿಯೇಬಿಡೋಣ ಎಂದು ಮೇಡಂ ಎದುರು ಹೋಗಿ ನಿಂತರು.

ಅವರು ಬಾಯಿ ತೆರೆಯುವ ಮೊದಲೇ ಮೇಡಂ ಕೈಮುಗಿದರು. "ನಿಮ್ಮಂಥ ಸ್ವಯಂಸೇವಕರು ಇದ್ರೆ ನಮಗೆ ಚಿಂತೆಯೇ ಇಲ್ಲ. ಕೂತ್ಕೊಳ್ಳಿ. ನನಗೊಂದೇ ಸಂಕಟ ನೋಡಿ. ಆ ಕೋಣೆನ ಒಬ್ಬ ಮುದುಕರಿಗೆ ಅಂತ ಎತ್ತಿಟ್ಟಿದ್ದೆ. ಅವರ ಕೆಳಮನೆಯೋರು, ಯಾರೋ ಟೈಲರಮ್ಮ, ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ಪಾಪ, ಅವರಿಗೆ ಕಾಲಿಲ್ಲವಂತೆ, ಕಣ್ಣಿಲ್ಲವಂತೆ, ಬಾಯಿಂದ ಮಾತೇ ಹೊರಡಲ್ವಂತೆ! ಅಂಥವರು ಯಾರೂ ಬರಲೇ ಇಲ್ಲ. ಸದ್ಯಕ್ಕೆ ಆ ಕಾಲೂದಿದ ಅಜ್ಜೀನ ಒಳಗೆ ಮಲಗಿಸಿದ್ದೀನಿ. ಆ ಮುದುಕರು ಈಗ ಬಂದ್ರೂ ಅಷ್ಟೇ, ಕೊಟ್ಟ ಮಾತು ಮಾತೇ. ಅಜ್ಜೀನ ಎಬ್ಬಿಸಿ ಕಳಿಸಬೇಕಾಗುತ್ತೆ."

ತಾತ ಬಾಗಿಲ ಸಂದಿಯಿಂದ ನೋಡಿದರು. ಅಜ್ಜಿ ದಿಂಬಿನ ಮೇಲೆ ಕಾಲೆತ್ತಿಟ್ಟುಕೊಂಡು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅವಳ ಗಂಟು ಆಗಲೇ ಬಿಚ್ಚಿತ್ತು; ಬಾಚಣಿಗೆ, ಕನ್ನಡಿ, ಗಂಡನದಿರಬೇಕು ಒಂದು ಫೋಟೋ, ಎಲ್ಲ ಗೂಡಿನಲ್ಲಿ ನೆಟ್ಟಗೆ ಕೂತಿದ್ದವು. ನಾನೇ ಆ ಮುದುಕ ಎನ್ನುವ ಮಾತು ತಾತನ ನಾಲಿಗೆಯ ತುದಿಗೆ ಬಂದಿತ್ತು. ನಾಳೆ ರಾತ್ರಿ ಎಲ್ಲಿ ಮಲಗುವುದೆಂದು ಅವರಿಗೇ ಗೊತ್ತಿರಲಿಲ್ಲ.

"ಆ ಮುದುಕರು ನನಗೆ ಗೊತ್ತಮ್ಮಾ" ಎಂದರು. "ಅವರು ಬರಲ್ಲ. ಅಜ್ಜೀಗೇ ಕೊಟ್ಬಿಡಿ."

"ಅಬ್ಬ, ದೊಡ್ಡ ಭಾರ ಇಳೀತು" ಎಂದು ಮೇಡಂ ದೀಪ ಆರಿಸಿದರು.

ವಾಚ್‌ಮನ್ ಗೇಟು ಎಳೆಯುತ್ತ ಕೇಳಿದ: "ಕತ್ತಲಾಯ್ತಲ್ಲ ಯಜಮಾನ್ರೇ, ಮನೆ ಹತ್ತಿರಾನಾ?"

"ಇವತ್ತಿನ ಮಟ್ಟಿಗೆ ಹತ್ತಿರಾನೇ ಕಣಪ್ಪ" ಎಂದು ತಾತ ಹೊರಟರು.